ಕಂಠಪಾಠವೂ ಜಿಜ್ಞಾಸೆಯೂ: ಪರದೇಶದ ವಿದ್ಯಾಪೀಠಗಳಲ್ಲಿ ನಮ್ಮ ವಿದ್ಯಾರ್ಥಿ

ಹೈದರಾಬಾದಿನ ದಿಲ್‌ಸುಖ್‌ನಗರದ ಮುಖ್ಯರಸ್ತೆಯಲ್ಲಿಯೂ ಒಳಗಲ್ಲಿಗಳಲ್ಲಿಯೂ ಪರೀಕ್ಷೆಗಳಿಗೆ ಸಿದ್ಧಗೊಳಿಸುವ ಕೋಚಿಂಗ್ ಸಂಸ್ಥೆಗಳು, ಅವುಗಳನ್ನು ನೆಚ್ಚಿದ ಹಾಸ್ಟೆಲುಗಳು ಒತ್ತಾಗಿ ಬೆಳೆದಿವೆ. ಇಂಥ ಕಡೆ ಓದಿದ ತರುಣರಲ್ಲಿ ಹಲವರು ಮುಂದೆ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಗಳ ವಿಶ್ವವಿದ್ಯಾನಿಲಯಗಳನ್ನು ಸೇರುತ್ತಾರೆ. ನಗರದ ಕನ್ನಡ ಮನೆಗಳ ಮಕ್ಕಳೂ ಇದಕ್ಕೆ ಹೊರತಲ್ಲ. ಅಲ್ಲಿ ಇವರನ್ನು ಕುರಿತು ಒಂದು ತೀರ್ಪು ಬಳಕೆಯಲ್ಲಿದೆ: ಇವರು ಕಂಠಪಾಠದಲ್ಲಿ ಗಟ್ಟಿಗರು, ಪ್ರಶ್ನಿಸುವುದರಲ್ಲಿ ಹಿಂದು, ಇದು ಇವರ ಸಂಸ್ಕೃತಿಯ ಗುಣ. ಈ ತೀರ್ಪಿನ ಪೂರ್ವಾರ್ಧದಲ್ಲಿ ಸ್ವಲ್ಪ ಸತ್ಯವುಂಟು. ಉತ್ತರಾರ್ಧವು ಪರಿಶೀಲನೆಗೆ ನಿಲ್ಲತಕ್ಕುದಲ್ಲ.

ಸಂಸ್ಕೃತಿಯನ್ನು ಅಂಕಿಗಳಲ್ಲಿ ಅಳೆಯುವ ಪ್ರಯತ್ನಗಳಲ್ಲಿ ಗೀರ್ಟ್ ಹಾಫ್‌ಸ್ಟೆಡೆಯವರು 1980ರಲ್ಲಿ ಪ್ರಕಟಿಸಿದ ಗ್ರಂಥ ಪ್ರಸಿದ್ಧವಾದುದು. ಗುರುಹಿರಿಯರ ಅಧಿಕಾರವನ್ನು ಜನ ಎಷ್ಟರಮಟ್ಟಿಗೆ ಒಪ್ಪುತ್ತಾರೆಂಬುದನ್ನು ದೇಶದೇಶಕ್ಕೂ ಅದು ಲೆಕ್ಕಹಾಕಿತು. ಆದರೆ ಆ ಲೆಕ್ಕ ಹೊರಟದ್ದು ಐ.ಬಿ.ಎಂ. ಎಂಬ ಒಂದು ಕಂಪನಿಯ ನೌಕರರು ಕೊಟ್ಟ ಉತ್ತರಗಳಿಂದ, ವಿದ್ಯಾರ್ಥಿಗಳಿಂದಲ್ಲ. ದೇಶದ ಸರಾಸರಿಯನ್ನು ಒಬ್ಬ ವ್ಯಕ್ತಿಯ ಖಾತೆಗೆ ಜಮಾ ಮಾಡುವುದು ಯಾವ ಗಣಿತಕ್ಕೂ ಸಮ್ಮತವಲ್ಲ. ಇದಕ್ಕಿಂತ ಹೆಚ್ಚು ಬೆಳಕು ಕೊಡುವುದು 1976ರಲ್ಲಿ ಸ್ವೀಡನ್ನಿನ ಮಾರ್ಟನ್ ಮತ್ತು ಸಾಲ್ಯೊ ಅವರು ಪ್ರಕಟಿಸಿದ ಸಂಶೋಧನೆ. ಅರ್ಥವನ್ನು ಅರಸುವ ಓದು ಒಂದು, ಅಕ್ಷರಕ್ಕೆ ಅಂಟಿಕೊಳ್ಳುವ ಓದು ಇನ್ನೊಂದು. ಎಂಥ ಪ್ರಶ್ನೆ ಬರುವುದೆಂಬ ನಿರೀಕ್ಷೆ ಓದಿನ ರೀತಿಯನ್ನು ತಿದ್ದುತ್ತದೆಂದು ಅವರು ತೋರಿಸಿದರು. ಹಾಗಾದರೆ ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸಲು ವರ್ಷಗಟ್ಟಲೆ ಪಳಗಿದ ತರುಣನ ಅಭ್ಯಾಸಕ್ಕೆ ಪರಂಪರೆಗಿಂತ ಪರೀಕ್ಷೆಯೇ ಹೆಚ್ಚು ಹೊಣೆ ಎನ್ನಬೇಕಾಗುತ್ತದೆ.

ಪರಂಪರೆಯಾದರೂ ಏಕರೂಪವಾದುದಲ್ಲ. ವೇದಪಾಠದಲ್ಲಿ ಕ್ರಮ, ಜಟೆ, ಘನಗಳ ಆವೃತ್ತಿಯುಂಟು, ನಿಜ. ಆದರೆ ಶಾಸ್ತ್ರಗ್ರಂಥಗಳಲ್ಲಿ ಎದುರಾಳಿಯ ವಾದವನ್ನು ಪೂರ್ವಪಕ್ಷವಾಗಿ ನಿರೂಪಿಸಿದ ಮೇಲೆಯೇ ಸಿದ್ಧಾಂತಕ್ಕೆ ಹೊರಡುವ ಪದ್ಧತಿಯೂ ಉಂಟು. ಕನ್ನಡದ ಶೂನ್ಯಸಂಪಾದನೆಯಂತೂ ಆದ್ಯಂತವಾಗಿ ಸಂವಾದದಿಂದ ಕಟ್ಟಿದ ಕೃತಿ. ಅಲ್ಲಮನ ಪ್ರಶ್ನೆಯನ್ನು ಎದುರಿಸದೆ ಅಲ್ಲಿ ಯಾರಿಗೂ ಮನ್ನಣೆಯಿಲ್ಲ. ಶಾಸ್ತ್ರವಿದ್ಯೆ ಬಹುಜನರಿಗೆ ಮುಚ್ಚಿದ ಬಾಗಿಲಾಗಿತ್ತೆಂಬುದನ್ನು ಮರೆಯಲಾಗದು. ಅಂತೂ ಪ್ರಶ್ನಿಸುವುದು ಈ ಮಣ್ಣಿಗೆ ಪರಕೀಯವೆಂಬ ಮಾತು ಸಲ್ಲದು.

ಹಿನ್ನೆಲೆಯೇ ವಿದ್ಯೆಗೆ ಬಂಡವಾಳವಾದ ನಿದರ್ಶನ ನಮ್ಮ ಸಾಹಿತ್ಯದಲ್ಲಿಯೇ ಇದೆ. ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಪಡೆದು 1963ರಲ್ಲಿ ಬರ್ಮಿಂಗ್‌ಹ್ಯಾಮಿಗೆ ಹೋದ ಯು. ಆರ್. ಅನಂತಮೂರ್ತಿಯವರು ತಮ್ಮ ಗುರು ಮಾಲ್ಕಮ್ ಬ್ರಾಡ್‌ಬರಿಯವರೊಡನೆ ಬರ್ಗ್‌ಮನ್ನನ 'ದಿ ಸೆವೆಂತ್ ಸೀಲ್' ಚಿತ್ರವನ್ನು ನೋಡಿದರು. ಯುರೋಪಿನವರು ಗ್ರಂಥಗಳಿಂದ ಪುನರ್ನಿರ್ಮಿಸಿಕೊಳ್ಳಬೇಕಾದ ಮಧ್ಯಯುಗವು ಭಾರತೀಯನ ಬದುಕಿನಲ್ಲಿ ಇನ್ನೂ ಜೀವಂತವಾಗಿದೆಯೆಂಬ ವಿಚಾರ ಆ ಸಂದರ್ಭದಲ್ಲಿ ಹೊಳೆಯಿತು. 'ಸಂಸ್ಕಾರ' ಕಾದಂಬರಿಯ ಬೀಜ ಅಲ್ಲಿಯದು. ಕಾದಂಬರಿ 1965ರಲ್ಲಿ ಪ್ರಕಟವಾಯಿತು. ಡಾಕ್ಟರೇಟು 1966ರಲ್ಲಿ ಬಂದಿತು. ಕಾದಂಬರಿಯ ವಸ್ತುವೂ ಇಲ್ಲಿ ಗಮನಾರ್ಹ. ಕಾಶಿಯಲ್ಲಿ ಓದಿ ಬಂದ ಪ್ರಾಣೇಶಾಚಾರ್ಯರು ನಾರಣಪ್ಪನ ಶವಸಂಸ್ಕಾರದ ಪ್ರಶ್ನೆಗೆ ಗ್ರಂಥಗಳನ್ನೆಲ್ಲ ತಿರುವಿಹಾಕಿದರೂ ಉತ್ತರ ಕಾಣರು. ಕಲಿತ ವಿದ್ಯೆ ಎಲ್ಲಿ ನಿಲ್ಲುತ್ತದೆಯೋ ಅಲ್ಲಿಂದ ಅವರ ನಿಜವಾದ ಶಿಕ್ಷಣ ಮೊದಲಾಗುತ್ತದೆ. ಪರದೇಶದಲ್ಲಿ ಕುಳಿತ ವಿದ್ಯಾರ್ಥಿಯೊಬ್ಬನು ತನ್ನ ಅಗ್ರಹಾರವನ್ನು ಮರೆಯಲೂ ಇಲ್ಲ, ಪೂಜಿಸಲೂ ಇಲ್ಲ. ಅದನ್ನೇ ಪ್ರಶ್ನೆಯಾಗಿ ಮಾರ್ಪಡಿಸಿದನು.

ಇಂಥ ಪ್ರತಿಭೆ ಎಲ್ಲರಿಗೂ ಲಭ್ಯವಲ್ಲವೆಂಬ ಆಕ್ಷೇಪ ಸಹಜವಾದುದೇ. ಸೆಮಿನಾರಿನಲ್ಲಿ ಗುರುವಿನೆದುರು ಬಾಯಿ ತೆರೆಯಲು ಹಿಂಜರಿಯುವುದು, ಪರರ ವಾಕ್ಯವನ್ನು ಆಧಾರ ಸೂಚಿಸದೆ ಬರೆಯುವುದು ಮುಂತಾದ ತೊಡಕುಗಳು ಸಾಮಾನ್ಯ ವಿದ್ಯಾರ್ಥಿಗೆ ನಿಜವಾಗಿಯೂ ಎದುರಾಗುತ್ತವೆ. ಆದರೆ ಇವು ಕಲಿಸಿದರೆ ಕಲಿಯಬಹುದಾದ ನಿಯಮಗಳೇ ಹೊರತು ರಕ್ತಗತವಾದ ದೋಷಗಳಲ್ಲ. ಅವನ್ನು ಮೊದಲೇ ಬಿಡಿಸಿ ಹೇಳುವುದು ಬರಮಾಡಿಕೊಳ್ಳುವ ವಿಶ್ವವಿದ್ಯಾನಿಲಯದ ಹೊಣೆ.

ಕಳುಹಿಸುವ ಮನೆಯ ಹೊಣೆ ಬೇರೆ. ದಿಲ್‌ಸುಖ್‌ನಗರದಿಂದ ವಿಮಾನವೇರುವ ಕನ್ನಡ ತರುಣನು ಸಂಸ್ಕೃತಿಯ ಭಾರದಿಂದ ಬಾಗಿರುವನೆಂಬ ಭಯ ಬೇಡ. ಅವನ ಕೈಯಲ್ಲಿ ಪರೀಕ್ಷೆಯ ಅಭ್ಯಾಸ ಮಾತ್ರ ಉಳಿದು, ಮನೆಮಾತಿನ ಸಂವಾದಪರಂಪರೆಯ ಪರಿಚಯವೇ ಇಲ್ಲವಾದರೆ ಅದು ಚಿಂತಿಸಬೇಕಾದ ಸಂಗತಿ. ತನ್ನದೆನ್ನುವುದು ಏನೂ ಇಲ್ಲದವನು ಪರರೊಡನೆ ವಾದಕ್ಕಿಳಿಯುವುದಾದರೂ ಯಾವ ನೆಲೆಯಿಂದ?