ಓಟದ ಅರ್ಹತೆ ಬೇರೆ, ಹೆಣ್ತನ ಬೇರೆ

ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯ ಹೊಸ ನಿಯಮ 2025ರ ಸೆಪ್ಟೆಂಬರ್ 1ರಂದು ಜಾರಿಗೆ ಬಂತು. ವಿಶ್ವ ಚಾಂಪಿಯನ್‌ಷಿಪ್‌ನಂಥ ಕೂಟಗಳ ಮಹಿಳಾ ವಿಭಾಗದಲ್ಲಿ ಸ್ಪರ್ಧಿಸಬೇಕಾದರೆ ಜೀವನದಲ್ಲಿ ಒಮ್ಮೆ ಎಸ್‌ಆರ್‌ವೈ ಜೀನ್ ಪರೀಕ್ಷೆ ಮಾಡಿಸಿಕೊಳ್ಳಬೇಕು. ಕೆನ್ನೆಯ ಒಳಭಾಗದಿಂದ ಒರೆಸಿ ತೆಗೆದ ಮಾದರಿಯೋ ಸ್ವಲ್ಪ ರಕ್ತವೋ ಸಾಕು. ಸಾಮಾನ್ಯವಾಗಿ ವೈ ವರ್ಣತಂತುವಿನಲ್ಲಿರುವ ಈ ಜೀನ್ ಇಲ್ಲವೆಂದಾದರೆ ಓಡಬಹುದು. ಯಾರು ಹೆಣ್ಣು ಎಂಬ ಪ್ರಶ್ನೆಗೆ ಒಂದೇ ಗುರುತಿನಲ್ಲಿ ಉತ್ತರ ಹುಡುಕಿ ಕ್ರೀಡಾಲೋಕ ಹಿಂದೆಯೂ ಕೈ ಸುಟ್ಟುಕೊಂಡಿದೆ. ಹಾಗಾಗಿ ಈ ಪದ್ಧತಿಯನ್ನು ಅದರ ಚರಿತ್ರೆಯ ಜೊತೆಗಿಟ್ಟೇ ತೂಗಬೇಕು.

1966ರಲ್ಲಿ ಬುಡಾಪೆಸ್ಟ್‌ನ ಯುರೋಪಿಯನ್ ಕೂಟದಲ್ಲಿ ಓಟಗಾರ್ತಿಯರು ವೈದ್ಯರ ಮುಂದೆ ಬೆತ್ತಲೆ ನಿಲ್ಲಬೇಕಾಯಿತು. ಅದು ಅವಮಾನವೆಂದು ಮನವರಿಕೆಯಾದ ಮೇಲೆ 1968ರ ಮೆಕ್ಸಿಕೊ ಒಲಿಂಪಿಕ್ಸ್‌ಗೆ ವರ್ಣತಂತು ಪರೀಕ್ಷೆ ಬಂತು. ಸ್ಪೇನಿನ ಹರ್ಡಲ್ಸ್ ಓಟಗಾರ್ತಿ ಮಾರಿಯಾ ಹೋಸೆ ಮಾರ್ಟಿನೆಸ್ ಪಟಿನ್ಯೊ ಬಲಿಯಾದದ್ದು ಇದಕ್ಕೇ. 1985ರಲ್ಲಿ ಕೋಬೆಯ ವಿಶ್ವವಿದ್ಯಾಲಯ ಕ್ರೀಡಾಕೂಟಕ್ಕೆ ಹೊರಟಾಗ, ಹಿಂದೆ ಪಡೆದಿದ್ದ ಪ್ರಮಾಣಪತ್ರವನ್ನು ಆಕೆ ಮನೆಯಲ್ಲೇ ಮರೆತಿದ್ದರು. ಮತ್ತೆ ಪರೀಕ್ಷೆ ಮಾಡಿದಾಗ ಎಕ್ಸ್‌ವೈ ವರ್ಣತಂತು ಕಂಡಿತು. ಆದರೆ ಆಕೆಯ ದೇಹಕ್ಕೆ ಟೆಸ್ಟೋಸ್ಟೆರಾನ್ ಹಾರ್ಮೋನಿಗೆ ಸ್ಪಂದಿಸುವ ಶಕ್ತಿಯೇ ಇರಲಿಲ್ಲ. ಗಾಯವಾಗಿದೆಯೆಂದು ನಟಿಸಿ ಸುಮ್ಮನೆ ಹಿಂದೆ ಸರಿಯುವಂತೆ ಸಲಹೆ ಬಂತು. ಮುಂದಿನ ವರ್ಷ ಆಕೆ ರಾಷ್ಟ್ರೀಯ ಕೂಟದಲ್ಲಿ ಧೈರ್ಯ ಮಾಡಿ ಓಡಿದರು. ಆಗ ವಿಷಯ ಪತ್ರಿಕೆಗೆ ಸೋರಿತು. ವಿದ್ಯಾರ್ಥಿವೇತನ ಹೋಯಿತು, ಮದುವೆಯಾಗಬೇಕಿದ್ದ ಹುಡುಗ ದೂರವಾದ. 1988ರಲ್ಲಿ ಅರ್ಹತೆ ಮರಳಿತಾದರೂ ಕಸುವಿನ ವರ್ಷಗಳು ಕಳೆದುಹೋಗಿದ್ದವು. ಯಾವ ಮೋಸವನ್ನೂ ಮಾಡದ ಹುಡುಗಿಯೊಬ್ಬಳಿಗೆ ಆದ ಶಿಕ್ಷೆ ಇದು.

1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ 3,387 ಮಹಿಳಾ ಸ್ಪರ್ಧಿಗಳ ಪರೀಕ್ಷೆ ನಡೆದಾಗ ಎಂಟು ಮಂದಿಯಲ್ಲಿ ಎಸ್‌ಆರ್‌ವೈ ಸಿಕ್ಕಿತು. ಎಂಟೂ ಮಂದಿಗೆ ಸ್ಪರ್ಧಿಸಲು ಅವಕಾಶ ಕೊಡಲಾಯಿತು. 1999ರಲ್ಲಿ ಒಲಿಂಪಿಕ್ ಸಮಿತಿ ಎಲ್ಲರನ್ನೂ ಪರೀಕ್ಷಿಸುವ ಪದ್ಧತಿಯನ್ನೇ ಕೈಬಿಟ್ಟಿತು.

ಹಾಗೆಂದು ಮಹಿಳಾ ವಿಭಾಗಕ್ಕೆ ಗಡಿಯೇ ಬೇಡವೆನ್ನುವ ವಾದ ನನಗೆ ಒಪ್ಪಿಗೆಯಿಲ್ಲ. ಪುರುಷರ 100 ಮೀಟರ್ ವಿಶ್ವದಾಖಲೆ 9.58 ಸೆಕೆಂಡು, ಮಹಿಳೆಯರದು 10.49. ಹರೆಯದಲ್ಲಿ ಟೆಸ್ಟೋಸ್ಟೆರಾನ್ ಕಟ್ಟಿಕೊಡುವ ಸ್ನಾಯು, ಎಲುಬು, ಹಿಮೋಗ್ಲೋಬಿನ್‌ನ ವ್ಯತ್ಯಾಸ ಈ ಅಂತರದಲ್ಲಿ ಎದ್ದು ಕಾಣುತ್ತದೆ. ಪ್ರತ್ಯೇಕ ವಿಭಾಗವಿಲ್ಲದಿದ್ದರೆ ಪದಕದ ಕಟ್ಟೆಯ ಮೇಲೆ ಹೆಣ್ಣುಮಕ್ಕಳೇ ಇರುವುದಿಲ್ಲ. ಗಡಿ ಬೇಕು. ಅದನ್ನು ಎಳೆಯುವ ಕೈಗೆ ಸಾಕ್ಷ್ಯವೂ ಸಂಯಮವೂ ಬೇಕು.

ಈ ಎರಡೂ ಎಷ್ಟಿದ್ದವು ಎನ್ನುವುದಕ್ಕೆ ಹಾರ್ಮೋನಿನ ಮಟ್ಟ ನೋಡಿ ಅರ್ಹತೆ ನಿರ್ಧರಿಸಿದ ಕಾಲ ನಿದರ್ಶನ. 2014ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಮುಂಚೆ ಒಡಿಶಾದ ಓಟಗಾರ್ತಿ ದ್ಯುತಿ ಚಂದ್ ಅವರನ್ನು ಟೆಸ್ಟೋಸ್ಟೆರಾನ್ ಹೆಚ್ಚಿದೆಯೆಂದು ತಂಡದಿಂದ ಕೈಬಿಡಲಾಯಿತು. ಆಕೆ ಸುಮ್ಮನಿರದೆ ಕ್ರೀಡಾ ಪಂಚಾಯ್ತಿ ನ್ಯಾಯಾಲಯಕ್ಕೆ ಹೋದರು. ದೇಹ ತಾನಾಗಿ ಉತ್ಪಾದಿಸುವ ಟೆಸ್ಟೋಸ್ಟೆರಾನ್‌ನಿಂದ ಎಷ್ಟು ಲಾಭವಾಗುತ್ತದೆಂಬುದಕ್ಕೆ ಸಾಕಷ್ಟು ಆಧಾರವಿಲ್ಲವೆಂದು 2015ರಲ್ಲಿ ನ್ಯಾಯಾಲಯ ಆ ಹಾರ್ಮೋನ್ ನಿಯಮವನ್ನು ಅಮಾನತಿನಲ್ಲಿಟ್ಟಿತು. 2017ರಲ್ಲಿ ಬಂದ ಒಂದು ಅಧ್ಯಯನ ಹ್ಯಾಮರ್ ಎಸೆತ ಮತ್ತು ಪೋಲ್ ವಾಲ್ಟ್‌ನಲ್ಲೂ ಟೆಸ್ಟೋಸ್ಟೆರಾನ್ ಮತ್ತು ಸಾಧನೆಯ ನಡುವೆ ಸಂಬಂಧ ತೋರಿಸಿತ್ತು. ಆದರೆ 2018ರ ನಿಯಮ ಅವೆರಡನ್ನೂ ಬಿಟ್ಟು, 400 ಮೀಟರ್‌ನಿಂದ ಒಂದು ಮೈಲಿವರೆಗಿನ ಓಟಗಳನ್ನಷ್ಟೇ ಹಿಡಿಯಿತು. ದಕ್ಷಿಣ ಆಫ್ರಿಕಾದ ಕ್ಯಾಸ್ಟರ್ ಸೆಮೆನ್ಯಾ ಓಡುತ್ತಿದ್ದದ್ದು ಆ ದೂರಗಳನ್ನೇ. ಆ ಅಧ್ಯಯನದಿಂದ ಕಾರ್ಯಕಾರಣ ಸಂಬಂಧ ದೃಢಪಡುವುದಿಲ್ಲವೆಂದು 2021ರಲ್ಲಿ ಅದರ ಲೇಖಕರೇ ತಿದ್ದುಪಡಿ ಪ್ರಕಟಿಸಿದರು. ಇಷ್ಟು ತೆಳುವಾದ ಆಧಾರದ ಮೇಲೆ ಆರೋಗ್ಯವಂತ ಹೆಣ್ಣಿಗೆ ಟೆಸ್ಟೋಸ್ಟೆರಾನ್ ತಗ್ಗಿಸಲು ಔಷಧ ತಗೋ, ಇಲ್ಲವೇ ಮನೆಗೆ ಹೋಗು ಎನ್ನುವುದು ಅನ್ಯಾಯವಾಗಿತ್ತು.

ಹೊಸ ಜೀನ್ ನಿಯಮ ಇದಕ್ಕಿಂತ ಮೇಲೆಯೇ? ಒಂದು ಅರ್ಥದಲ್ಲಿ ಹೌದು, ಮಾತ್ರೆ ನುಂಗಿಸುವ ಬಲವಂತ ಇದರಲ್ಲಿಲ್ಲ. ಆದರೆ 1990ರಲ್ಲಿ ಈ ಜೀನನ್ನು ಗುರುತಿಸಿದ ಆಸ್ಟ್ರೇಲಿಯಾದ ವಿಜ್ಞಾನಿ ಆಂಡ್ರ್ಯೂ ಸಿಂಕ್ಲೇರ್ ಅವರೇ ಇದನ್ನು ವಿರೋಧಿಸಿದ್ದಾರೆ. ಪರೀಕ್ಷೆ ಜೀನ್ ಇದೆಯೆಂದಷ್ಟೇ ಹೇಳುತ್ತದೆ. ಅದು ಕೆಲಸ ಮಾಡುತ್ತಿದೆಯೇ, ದೇಹ ಹಾರ್ಮೋನನ್ನು ಬಳಸುತ್ತಿದೆಯೇ ಎಂಬುದನ್ನು ಹೇಳುವುದಿಲ್ಲ. ಪಟಿನ್ಯೊ ಅವರಂತೆ ಟೆಸ್ಟೋಸ್ಟೆರಾನ್‌ಗೆ ಸ್ವಲ್ಪವೂ ಸ್ಪಂದಿಸದ ದೇಹದವರಿಗೆ ನಿಯಮವೇ ವಿನಾಯಿತಿ ಕೊಟ್ಟಿದೆ. ಎಂದರೆ ಕೊನೆಯ ನಿರ್ಣಯಕ್ಕೆ ಜೀನ್ ಒಂದೇ ಸಾಲದೆಂದು ಸಂಸ್ಥೆಯೂ ಒಪ್ಪಿಕೊಂಡಂತಾಯಿತು. ಆದರೂ ಆ ವಿನಾಯಿತಿ ಪಡೆಯುವವರನ್ನೂ ನಿಯಮದ ಭಾಷೆ ‘ಜೈವಿಕ ಪುರುಷರು’ ಎಂದೇ ಕರೆಯುತ್ತದೆ. ನನ್ನ ದೊಡ್ಡ ಆಕ್ಷೇಪ ಇದಕ್ಕೇ. ದೇಹದ ಬೆಳವಣಿಗೆ ಹೇಗಾಯಿತು ಎಂಬುದು ವೈದ್ಯಕೀಯದ ಪ್ರಶ್ನೆ. ತಾನು ಯಾರು ಎಂಬುದು ಆ ವ್ಯಕ್ತಿಯ ಬದುಕಿನ ಪ್ರಶ್ನೆ. ಯಾವ ಓಟದಲ್ಲಿ ಯಾರು ಓಡಬೇಕೆಂಬುದು ಕ್ರೀಡೆಯ ಪ್ರಶ್ನೆ. ಕ್ರೀಡಾಸಂಸ್ಥೆಗೆ ಅಧಿಕಾರವಿರುವುದು ಮೂರನೆಯದರ ಮೇಲೆ ಮಾತ್ರ. ಗಂಡಿನ ಹರೆಯ ದಾಟಿ ಬಂದ ಲಿಂಗಪರಿವರ್ತಿತ ಮಹಿಳೆಯನ್ನು ಒಂದು ಸ್ಪರ್ಧೆಯಿಂದ ಹೊರಗಿಡಲು ಕಾರಣವಿರಬಹುದು. ಆಕೆ ಹೆಣ್ಣಲ್ಲವೆಂದು ಸಾರುವ ಹಕ್ಕು ಅದರಿಂದ ಹುಟ್ಟುವುದಿಲ್ಲ.

ಈ ಗೊಂದಲದ ಬೆಲೆ ನಮ್ಮ ನೆರೆಯಲ್ಲೇ ತೆತ್ತವರಿದ್ದಾರೆ. ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯ ಬಡ ಕುಟುಂಬದ ಶಾಂತಿ ಸೌಂದರರಾಜನ್ 2006ರ ದೋಹಾ ಏಷ್ಯನ್ ಕ್ರೀಡಾಕೂಟದ 800 ಮೀಟರ್‌ನಲ್ಲಿ ಬೆಳ್ಳಿ ಗೆದ್ದರು. ಲಿಂಗಪರೀಕ್ಷೆಯ ನಂತರ ಪದಕ ಹೋಯಿತು, ಖಾಸಗಿ ವೈದ್ಯಕೀಯ ವಿಷಯ ಊರಿಗೆಲ್ಲ ಸುದ್ದಿಯಾಯಿತು. ಕೆಲವು ವರ್ಷಗಳ ಬಳಿಕ ಆಕೆ ಇಟ್ಟಿಗೆಗೂಡಿನಲ್ಲಿ ಕೂಲಿ ಮಾಡುತ್ತಿದ್ದರು.

ಇನ್ನು ಮುಂದೆ ಹಳ್ಳಿಗಾಡಿನ ನಮ್ಮ ಹುಡುಗಿಯರೂ ಈ ಪರೀಕ್ಷೆಗೆ ಮಾದರಿ ಕೊಡಬೇಕು. ಮಾದರಿ ತೆಗೆಯುವ ಮೊದಲೇ ಅವರ ಭಾಷೆಯಲ್ಲಿ ವಿವರಿಸುವ ವೈದ್ಯರು, ವರದಿಯ ಗುಟ್ಟು ಕಾಯುವ ಕಟ್ಟುಪಾಡು, ಮೇಲ್ಮನವಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರು ಇರಬೇಕು. ಭಾರತದ ಅಥ್ಲೆಟಿಕ್ಸ್ ಫೆಡರೇಷನ್ ಮತ್ತು ಕ್ರೀಡಾ ಸಚಿವಾಲಯ ಇದನ್ನು ಲಿಖಿತ ನಿಯಮವಾಗಿ ಹೊರಡಿಸಲಿ. ಶಾಂತಿ ಅವರ ಬೆಳ್ಳಿ ಪದಕವನ್ನು ಮರಳಿ ಕೊಡಿ ಎಂದು ಭಾರತ ಅಧಿಕೃತವಾಗಿ ಕೇಳಲಿ.