ಮೆಟ್ಟಿಲ ಕೆಳಗೇ ನಿಂತ ಕ್ಯಾಮೆರಾ

ಸಿನಿಮಾ ಕಣ್ಣಿಗೆ ಚೆಂದ ಆದಷ್ಟೂ ಅದರ ಕರುಳು ಒಣಗುತ್ತೆ ಅನ್ನೋ ಮಾತನ್ನ ನಮ್ಮ ಗೆಳೆಯರಲ್ಲಿ ಬಹಳ ಮಂದಿ ನಂಬಿದ್ದಾರೆ. ನವ್ಯರ ಆಕೃತಿಯ ಗೀಳು ಕಂಡು ರೋಸಿಹೋದವರು ನಾವು. ತಂತ್ರ ಅಂದ ಕೂಡಲೇ ಅನುಮಾನ ಪಡೋದು ನಮಗೊಂದು ಅಭ್ಯಾಸವೇ ಆಗಿಬಿಟ್ಟಿದೆ. ಈ ಅನುಮಾನವನ್ನೂ ಒಮ್ಮೆ ಒರೆಗೆ ಹಚ್ಚಿ ನೋಡಬೇಕು.

ಅದಕ್ಕೆ ನಾವು ತಗೊಂಡಿರೋದು ಮೆಕ್ಸಿಕೊದ ಅಲ್ಫೊನ್ಸೊ ಕ್ವಾರೊನ್ ತೆಗೆದ 'ರೋಮಾ' (2018). ಕಪ್ಪು-ಬಿಳುಪಿನ ಸಿನಿಮಾ. ಕ್ಯಾಮೆರಾ ಹಿಡಿದವನೂ ನಿರ್ದೇಶಕನೇ. ಹಿನ್ನೆಲೆ ಸಂಗೀತ ಇಲ್ಲ. 2019ರಲ್ಲಿ ಇದಕ್ಕೆ ಮೂರು ಆಸ್ಕರ್ ಬಂತು, ಅದರಲ್ಲೊಂದು ಛಾಯಾಗ್ರಹಣಕ್ಕೆ. ಕಥೆ 1970-71ರದ್ದು, ಮೆಕ್ಸಿಕೊ ನಗರದ ರೋಮಾ ಬಡಾವಣೆಯ ಡಾಕ್ಟರೊಬ್ಬರ ಮನೆಯಲ್ಲಿ ನಡೆಯೋದು. ಆದರೆ ನಾಯಕಿ ಆ ಮನೆಯ ಕೆಲಸದ ಹುಡುಗಿ ಕ್ಲಿಯೊ, ಮಿಶ್ತೆಕ್ ನುಡಿಯ ಮೂಲನಿವಾಸಿ. ಕ್ವಾರೊನ್‌ನನ್ನು ಎತ್ತಿ ಆಡಿಸಿ ಬೆಳೆಸಿದ ಲಿಬೊರಿಯಾ ರೊಡ್ರಿಗೆಸ್ ಅವರೇ ಈ ಪಾತ್ರಕ್ಕೆ ಮೂಲ. ಸಿನಿಮಾ ಅರ್ಪಣೆಯಾಗಿರೋದೂ ಅವರಿಗೇ. ಕ್ಲಿಯೊ ಆಗಿ ನಟಿಸಿದ ಯಲಿತ್ಸಾ ಅಪಾರಿಸಿಯೊ ಶಿಕ್ಷಕಿಯಾಗಲು ಓದಿದ್ದವರು, ಅದಕ್ಕೂ ಮುಂಚೆ ಬಣ್ಣ ಹಚ್ಚಿದವರಲ್ಲ. (ಹಳ್ಳಿ ಶಾಲೆಯ ಮೇಷ್ಟ್ರುಗಳು ಇದನ್ನ ಗಮನಿಸಬೇಕು.)

ಮೊದಲ ದೃಶ್ಯದಲ್ಲಿ ಬರೀ ನೆಲ. ಕಲ್ಲುಹಾಸಿನ ಮೇಲೆ ಸೋಪಿನ ನೀರು ಅಲೆಅಲೆಯಾಗಿ ಬಂದು ಹರಡುತ್ತೆ. ಆ ನೀರಲ್ಲಿ ಆಕಾಶದ ತುಂಡೊಂದು ಮೂಡುತ್ತೆ, ಅದರೊಳಗೆ ವಿಮಾನ ಹಾದುಹೋಗುತ್ತೆ. ಸಾಕಿದ ನಾಯಿಯ ಹೇಲು ತೊಳೆಯೋ ಕೆಲಸ ಅದು. ಇಷ್ಟು ಚೆಂದದ ಚಿತ್ರ ನಾವು ನೋಡಿದ್ದು ಕಡಿಮೆ. ದೊಡ್ಡ ಪರದೆಗೆಂದು ತೆಗೆದಿದ್ದನ್ನ ಹಾಸ್ಟೆಲಿನಲ್ಲಿ ಮೊಬೈಲಿನಲ್ಲಿ ನೋಡಿದವರು ನಾವು, ಆದರೂ ಉಸಿರು ಹಿಡಿದು ನೋಡಿದ್ವಿ. ರಜೆಗೆ ಊರಿಗೆ ಹೋದಾಗ ಅವ್ವನಿಗೆ ತೋರಿಸಿದ್ವಿ. ಹತ್ತಾರು ವರ್ಷ ಮಂದಿ ಮನೆ ಅಂಗಳ ತೊಳೆದ ಹೆಂಗಸು. ಸ್ವಲ್ಪ ಹೊತ್ತು ನೋಡಿ, "ಅದೇನು ಬರೀ ನೀರ್ನೇ ತೋರುಸ್ತಾ ಅವ್ನೆ? ತೊಳೀತಾ ಇರೋಳ ಕಾಲು ತೋರ್ಸಕ್ಕೇಳ್ಲಾ, ಬಿರುಕು ಬಿಟ್ಟಿರ್ತವೆ" ಅಂದಳು.

ಹಾಗಂತ ಶೈಲಿಯೇ ಖಳನಾಯಕ ಅಂದುಬಿಟ್ಟರೆ ತಪ್ಪಾಗುತ್ತೆ. ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ' (1955) ನೋಡಿ. ಮಗಳು ದುರ್ಗಾ ಸತ್ತಿರೋದು ಗೊತ್ತಿಲ್ಲದ ಅಪ್ಪ ಊರಿಂದ ಬಂದು, ಅವಳಿಗೆ ತಂದ ಸೀರೆ ತೆಗೆದು ಹೆಂಡತಿಯ ಕೈಗೆ ಕೊಡ್ತಾನೆ. ಸರ್ವಜಯಾಳ ಕಟ್ಟೆ ಒಡೆಯುತ್ತೆ. ಆದರೆ ನಮಗೆ ಅವಳ ಗಂಟಲು ಕೇಳಿಸೋದಿಲ್ಲ, ತಾರ್ ಶೆಹನಾಯಿ ಚೀರುತ್ತೆ. ಅಳುವನ್ನ ತೆಗೆದು ವಾದ್ಯ ಇಟ್ಟಿದ್ದು ಶುದ್ಧ ತಂತ್ರ. ಆ ತಂತ್ರ ಇಲ್ಲದಿದ್ದರೆ ಆ ಸಂಕಟ ಅಷ್ಟು ಆಳಕ್ಕೆ ಇಳೀತಿರಲಿಲ್ಲ.

ನಾಗರಾಜ ಮಂಜುಳೆ ಅವರ 'ಫಂಡ್ರಿ' (2013) ನಮ್ಮವರೆಲ್ಲ ನೋಡಿರೋ ಸಿನಿಮಾ. ಹಿಡಿದ ಹಂದಿಯನ್ನ ಕಟ್ಟಿ ಹೊತ್ತು ಆ ಮನೆಯವರು ನಡೆದುಹೋಗುವಾಗ ಹಿಂದಿನ ಗೋಡೆಯಲ್ಲಿ ಅಂಬೇಡ್ಕರ್, ಸಾವಿತ್ರಿಬಾಯಿ. ಅಳೆದು ಸುರಿದು ಕಟ್ಟಿದ ಚಿತ್ರ ಅದು, ಆಕಸ್ಮಿಕ ಅಲ್ಲ. ಆದರೂ ಎದೆಗೆ ಒದ್ದ ಹಾಗಾಗುತ್ತೆ. ಕೊನೆಗೆ ಜಬ್ಯಾ ಎಸೆದ ಕಲ್ಲು ನೇರ ಕ್ಯಾಮೆರಾಕ್ಕೇ ಬರುತ್ತೆ. ಅಂದರೆ ಕಲ್ಲು ತಗುಲೋ ದೂರದಲ್ಲಿ ಕ್ಯಾಮೆರಾ ನಿಂತಿದೆ.

'ರೋಮಾ'ದ ಕ್ಯಾಮೆರಾ ಎಲ್ಲಿ ನಿಂತಿದೆ ಅನ್ನೋದೇ ನಮ್ಮ ತಕರಾರು. ಅದು ಮನೆ ಮಧ್ಯೆ ನಿಂತು ನಿಧಾನಕ್ಕೆ ತಿರುಗುತ್ತೆ. ದೀಪ ಆರಿಸೋಳು, ತಟ್ಟೆ ಎತ್ತೋಳು ಕ್ಲಿಯೊ ಅದರ ಎದುರು ಹಾದುಹೋಗ್ತಾಳೆ. ಮನೆಮಂದಿ ಟಿವಿ ನೋಡ್ತಾ ನಗ್ತಿರುವಾಗ ಅವಳೂ ಪಕ್ಕದಲ್ಲಿ ಕೂರ್ತಾಳೆ, ಹುಡುಗ ಅವಳ ಹೆಗಲ ಮೇಲೆ ಕೈ ಹಾಕ್ತಾನೆ. ಅಷ್ಟರಲ್ಲೇ ಯಜಮಾನಿ, ಡಾಕ್ಟರಿಗೆ ಟೀ ತಗೊಂಡು ಬಾ ಅಂತಾಳೆ. ಆ ಕೈಯಲ್ಲಿ ಪ್ರೀತಿ ಸುಳ್ಳಲ್ಲ, ಆ ಟೀಯೂ ಸುಳ್ಳಲ್ಲ. ಇದನ್ನ ಕಂಡವನು ಕುರುಡ ಅಂತ ನಾವು ಹೇಳೋದಿಲ್ಲ. 1971ರ ಜೂನ್ 10ರ ವಿದ್ಯಾರ್ಥಿಗಳ ಕಗ್ಗೊಲೆಯ ಹೊತ್ತಲ್ಲೇ ಕ್ಲಿಯೊಗೆ ಹೆರಿಗೆ ನೋವು ಶುರುವಾಗುತ್ತೆ. ಆಸ್ಪತ್ರೆಯಲ್ಲಿ ಅವಳ ಪೂರ್ತಿ ಹೆಸರು, ವಯಸ್ಸು ಕೇಳಿದರೆ ಜತೆಗೆ ಬಂದ ಮನೆಯ ಅಜ್ಜಿಗೆ ಹೇಳೋಕೆ ಬರೋದಿಲ್ಲ. ಮಗು ಸತ್ತೇ ಹುಟ್ಟುತ್ತೆ. ಆ ದೀರ್ಘ ದೃಶ್ಯದಲ್ಲಿ ಕ್ಯಾಮೆರಾ ಕದಲೋದೇ ಇಲ್ಲ. ಅಲ್ಲಿ ದೂರ ಅನ್ನೋದು ಗೌರವವಾಗಿದೆ. ಹತ್ತಿರ ಹೋಗಿದ್ದರೆ ಅದು ಕಣ್ಣೀರಿನ ವ್ಯಾಪಾರ ಆಗ್ತಿತ್ತು.

ಹಾಸ್ಟೆಲಿನ ಗೆಳೆಯನೊಬ್ಬ ಇದನ್ನೇ ಹಿಡಿದು ನಮ್ಮ ಜತೆ ಜಗಳ ತೆಗೆದ. "ಅವನು ಯಜಮಾನರ ಮಗ ಕಣ್ರಯ್ಯ. ಅವಳ ಮನಸ್ಸೊಳಗೆ ಹೊಕ್ಕಿದ್ದರೆ ನೀವೇ ಉಗೀತಿದ್ರಿ. ತನಗೆ ಕಂಡಷ್ಟನ್ನ ತೋರಿಸಿ ಸುಮ್ಮನಾಗಿದ್ದಾನೆ, ಅದು ಪ್ರಾಮಾಣಿಕತೆ" ಅಂದ. ಎರಡು ದಿನ ಯೋಚಿಸಿದ್ವಿ. ಅರ್ಧ ಒಪ್ಪಿದ್ವಿ.

ಇನ್ನರ್ಧ ಒಪ್ಪೋಕೆ ಆಗದೇ ಇರೋದು ಇದಕ್ಕೆ: ಊರಲ್ಲಿ ಕ್ಲಿಯೊಳ ತಾಯಿಯ ಜಮೀನು ಕಿತ್ತುಕೊಂಡ ಸುದ್ದಿ ಒಂದು ಮಾತಲ್ಲಿ ಬಂದು ಒಂದು ಮಾತಲ್ಲೇ ಮುಗಿಯುತ್ತೆ. ಅದೇ ಮನೆಯ ಕಾರು ಇಕ್ಕಟ್ಟಾದ ಅಂಗಳಕ್ಕೆ ನುಗ್ಗೋದನ್ನ ಮಾತ್ರ ಚಕ್ರ, ಕನ್ನಡಿ, ಸಿಗರೇಟು ಅಂತ ಬಿಡಿಬಿಡಿಯಾಗಿ ಎಷ್ಟು ಹೊತ್ತು ತೋರಿಸಿದ್ದಾನೆ! ಯಾವುದಕ್ಕೆ ಎಷ್ಟು ಹೊತ್ತು ಕೊಡಬೇಕು ಅನ್ನೋದು ಬರೀ ಶೈಲಿಯ ಪ್ರಶ್ನೆ ಅಲ್ಲ. ಸಮುದ್ರದ ದೃಶ್ಯವೂ ಹೀಗೇ. ಈಜು ಬಾರದ ಕ್ಲಿಯೊ ಮಕ್ಕಳನ್ನ ಉಳಿಸೋಕೆ ಅಲೆಗೆ ನುಗ್ತಾಳೆ, ಕ್ಯಾಮೆರಾ ಕತ್ತರಿ ಇಲ್ಲದ ಹಾಗೆ ಅವಳ ಜತೆಗೇ ಸಾಗುತ್ತೆ. ದಡಕ್ಕೆ ಬಂದಮೇಲೆ, ಆ ಮಗು ಹುಟ್ಟೋದೇ ತನಗೆ ಬೇಕಿರಲಿಲ್ಲ ಅಂತ ಅತ್ತುಬಿಡ್ತಾಳೆ. ಇಡೀ ಸಿನಿಮಾದಲ್ಲಿ ಅವಳ ಒಳಗಿನಿಂದ ಬಂದ ಮಾತು ಅದು. ಎಲ್ಲರೂ ಅವಳನ್ನ ತಬ್ಬಿಕೊಳ್ತಾರೆ, ಪ್ರೀತಿಸ್ತೀವಿ ಅಂತಾರೆ. ಅವಳ ಮಾತಿಗೆ ಉತ್ತರ ಯಾರೂ ಕೊಡೋದಿಲ್ಲ.

ಮನೆಗೆ ಬಂದಮೇಲೆ ಮತ್ತೆ ಮಕ್ಕಳ ಬೇಡಿಕೆ, ಮತ್ತೆ ಬಟ್ಟೆಗಂಟು. ಜತೆ ಕೆಲಸದವಳಾದ ಅಡೆಲಾಗೆ ಕ್ಲಿಯೊ, ನಿನಗೆ ಹೇಳೋದು ಬಹಳ ಇದೆ ಅಂತಾಳೆ. ಗಂಟು ಹೊತ್ತು ತಾರಸಿಯ ಮೆಟ್ಟಿಲು ಹತ್ತಿ ಹೋಗ್ತಾಳೆ. ಕ್ಯಾಮೆರಾ ಕೆಳಗೇ ನಿಂತು ಕತ್ತೆತ್ತಿ ಆಕಾಶ ನೋಡುತ್ತೆ, ಅಲ್ಲಿ ಮತ್ತೆ ವಿಮಾನ ಹಾದುಹೋಗುತ್ತೆ. ಮೇಲೆ ಅಡೆಲಾಗೆ ಅವಳು ಏನು ಹೇಳಿದಳು, ಮೊದಲು ಜಮೀನಿನ ಮಾತು ಎತ್ತಿದಳೋ ಮಗುವಿನ ಮಾತು ಎತ್ತಿದಳೋ ಅಂತ ನಾವೂ ಗೆಳೆಯನೂ ಆ ರಾತ್ರಿ ವಾದ ಮಾಡಿದ್ವಿ. ಅವನು ಮಗುವಿನದು ಅಂದ. ನಾವು ಜಮೀನಿನದು ಅಂದ್ವಿ.