ಜರಡಿ ಯಾರ ಕೈಲಿದೆ?

ಆನ್‌ಲೈನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆಲ್ಲ ಎಡಗಡೆಯ ಆ ಉದ್ದ ಪಟ್ಟಿ ಗೊತ್ತೇ ಇರುತ್ತೆ. ಏರಿಯಾ ಯಾವುದು, ಬಾಡಿಗೆ ಎಷ್ಟು, ಎಷ್ಟು ಬಿಎಚ್‌ಕೆ, ಪಾರ್ಕಿಂಗ್ ಇದೆಯಾ. ಒಂದೊಂದೇ ಟಿಕ್ ಹಾಕ್ತಾ ಹೋದ ಹಾಗೆ ಸಾವಿರಾರು ಮನೆಗಳು ಹತ್ತಿಪ್ಪತ್ತಕ್ಕೆ ಇಳಿಯುತ್ತವೆ. ಇದಕ್ಕೆ ಟೆಕ್ಕಿಗಳು ಫ್ಯಾಸೆಟೆಡ್ ಸರ್ಚ್ ಅಂತಾರೆ. ಒಂದೇ ವಸ್ತುವನ್ನು ಹಲವು ಮುಖಗಳಿಂದ ನೋಡಿ, ನಮಗೆ ಬೇಕಾದ ಮುಖ ಹಿಡಿದು ಹುಡುಕೋದು.

ಈ ಯೋಚನೆಯ ಬೇರು ವೆಬ್ಬಿಗಿಂತ ತುಂಬಾ ಹಳೆಯದು. ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿದ್ದ ಎಸ್. ಆರ್. ರಂಗನಾಥನ್ 1933ರಲ್ಲಿ ಕೋಲನ್ ವರ್ಗೀಕರಣ ಪ್ರಕಟಿಸಿದರು. ಪ್ರತಿ ವಿಷಯಕ್ಕೂ ಮೊದಲೇ ಒಂದು ಖಾನೆ ಕೊರೆದಿಡುವ ಬದಲು, ವಿಷಯವನ್ನು ಅದರ ಮುಖಗಳಾಗಿ ಬಿಡಿಸಿ ಮತ್ತೆ ಜೋಡಿಸುವ ಕ್ರಮ ಅದು. ಕೊನೆಯ ವರ್ಷಗಳನ್ನು ಅವರು ಕಳೆದದ್ದು ನಮ್ಮ ಬೆಂಗಳೂರಲ್ಲೇ. 1962ರಲ್ಲಿ ಇಲ್ಲೊಂದು ದಾಖಲೆ ಸಂಶೋಧನಾ ಮತ್ತು ತರಬೇತಿ ಕೇಂದ್ರ ಕಟ್ಟಿ, 1972ರಲ್ಲಿ ಇಲ್ಲೇ ತೀರಿಕೊಂಡರು. ಗ್ರಂಥಾಲಯ ಓದುಗನ ಸಮಯ ಉಳಿಸಬೇಕು ಅನ್ನೋದು ಅವರ ಸೂತ್ರಗಳಲ್ಲೊಂದು. ಅದೇ ಅಳತೆಗೋಲು ಹಿಡಿದು ನಮ್ಮ ಮನೆ ಹುಡುಕೋ ತಾಣಗಳನ್ನು ನೋಡಿದರೆ ಏನು ಕಾಣುತ್ತೆ?

ಮೊದಲು ಲೆಕ್ಕ. ಪ್ರತಿ ಆಯ್ಕೆಯ ಪಕ್ಕ ಬ್ರಾಕೆಟಿನಲ್ಲಿರುವ ಅಂಕಿ ಒಂದು ಮಾತು ಕೊಟ್ಟ ಹಾಗೆ: ಇದನ್ನು ಒತ್ತಿದರೆ ಇಷ್ಟು ಸಿಗುತ್ತೆ ಅಂತ. ನಾನು ಬಳಸಿದ ಒಂದು ತಾಣದಲ್ಲಿ ಜಯನಗರಕ್ಕೆ ಟಿಕ್ ಹಾಕಿದ್ದೇ ತಡ, ಬಸವನಗುಡಿಯ ಅಂಕಿ ಸೊನ್ನೆ ಆಯ್ತು. ಬಸವನಗುಡಿಯಲ್ಲಿ ಮನೆಗಳೇ ಇಲ್ವಾ? ಇವೆ. ಒಂದೇ ಮುಖದೊಳಗಿನ ಆಯ್ಕೆಗಳ ನಡುವೆ 'ಅಥವಾ' ಇರಬೇಕು, ಬೇರೆ ಬೇರೆ ಮುಖಗಳ ನಡುವೆ 'ಮತ್ತು' ಇರಬೇಕು. ಏರಿಯಾದ ಅಂಕಿಗಳನ್ನು ಎಣಿಸುವಾಗ ಏರಿಯಾಗೆ ಹಾಕಿದ ಟಿಕ್ಕನ್ನು ಬದಿಗಿಟ್ಟು, ಉಳಿದ ಟಿಕ್ಕುಗಳನ್ನಷ್ಟೇ ಲೆಕ್ಕಕ್ಕೆ ತಗೋಬೇಕು. ಎಲಾಸ್ಟಿಕ್‌ಸರ್ಚ್‌ನಲ್ಲಿ ಪೋಸ್ಟ್ ಫಿಲ್ಟರ್ ಇರೋದೂ, ಸೋಲರ್‌ನಲ್ಲಿ ಫಿಲ್ಟರಿಗೆ ಟ್ಯಾಗ್ ಹಾಕಿ ಎಣಿಕೆಯಿಂದ ಹೊರಗಿಡೋ ಸೌಲಭ್ಯ ಇರೋದೂ ಇಂಥದ್ದಕ್ಕೇ. ಸಲಕರಣೆ ಇದೆ, ಬಳಸುವ ತಾಳ್ಮೆ ಇಲ್ಲ.

ಎರಡನೆಯದು ಖಾಲಿ ಬಿಟ್ಟ ಉತ್ತರ. ಓನರ್ ಪಾರ್ಕಿಂಗ್ ಬಗ್ಗೆ ಏನೂ ತುಂಬಿಲ್ಲ ಅಂದುಕೊಳ್ಳಿ. ಪಾರ್ಕಿಂಗ್ ಬೇಕು ಅಂತ ಒತ್ತಿದ ಕೂಡಲೇ ಆ ಮನೆ ಮಾಯ. 'ಗೊತ್ತಿಲ್ಲ' ಅನ್ನೋದನ್ನು ಕೋಡ್ 'ಇಲ್ಲ' ಅಂತ ಓದಿಬಿಡ್ತು. ಹಾಗೇ ಒಂದು ಕಡೆ 'ಜೆಪಿ ನಗರ', ಇನ್ನೊಂದು ಕಡೆ 'ಜೆ.ಪಿ. ನಗರ' ಅಂತಿದ್ದರೆ ಒಂದೇ ಊರು ಎರಡಾಗುತ್ತೆ, ಅರ್ಧ ಮನೆಗಳು ಕಣ್ಣಿಗೇ ಬೀಳಲ್ಲ. 'ತಿಳಿಸಿಲ್ಲ' ಅಂತ ಒಂದು ಆಯ್ಕೆ ಇಟ್ಟು ಅದರ ಪಕ್ಕವೂ ಅಂಕಿ ತೋರಿಸೋಕೆ ಎಷ್ಟು ಹೊತ್ತು ಬೇಕು?

ಇವೆಲ್ಲ ರಿಪೇರಿ ಆಗೋ ತೊಂದರೆಗಳು. ನನ್ನ ದೊಡ್ಡ ತಕರಾರು ಮುಖಗಳನ್ನು ಆರಿಸಿದವರ ಬಗ್ಗೆ. 'ಫ್ಯಾಮಿಲಿ ಮಾತ್ರ', 'ಬ್ಯಾಚುಲರ್', 'ವೆಜ್ ಮಾತ್ರ' ಎಲ್ಲ ಪಟ್ಟಿಯಲ್ಲಿವೆ. ಗೇಟಿನ ಹತ್ತಿರ ಓನರ್ ಕೇಳ್ತಿದ್ದ ಪ್ರಶ್ನೆಗಳು ಹಾಗ್ಹಾಗೇ ಚೆಕ್‌ಬಾಕ್ಸ್ ಆಗಿವೆ. ಬಾಡಿಗೆಗೆ ಬರೋರ ಪ್ರಶ್ನೆಗಳು? ಕಾವೇರಿ ನೀರಾ, ಬೋರ್‌ವೆಲ್ಲಾ? ಬೇಸಿಗೆಯಲ್ಲಿ ಟ್ಯಾಂಕರ್ ದುಡ್ಡು ಯಾರು ಕೊಡ್ತಾರೆ? ಖಾಲಿ ಮಾಡುವಾಗ ಪೇಂಟಿಂಗ್ ಅಂತ ಅಡ್ವಾನ್ಸಿನಲ್ಲಿ ಎಷ್ಟು ಮುರ್ಕೋತಾರೆ? ನಾನು ಜಾಲಾಡಿದ ಕಡೆ ಇವಕ್ಕೆ ಜಾಗ ಇರಲಿಲ್ಲ.

'ಇರಲಿ ಬಿಡಿ, ಹೇಗೂ ಬೇಡ ಅನ್ನೋ ಓನರ್ ಮನೆಗೆ ಹೋಗಿ ಅವಮಾನ ಆಗೋದು ತಪ್ಪುತ್ತಲ್ಲ' ಅಂತಾರೆ ಗೆಳೆಯರು. ಆ ಮಾತು ಸುಳ್ಳಲ್ಲ, ಒಂದು ಭಾನುವಾರದ ಅಲೆದಾಟ ಉಳಿಯುತ್ತೆ. ಆದರೆ ಗೇಟಿನ ಮುಂದೆ ನಿಂತಾಗ ಮಾತಿಗೊಂದು ಅವಕಾಶ ಇತ್ತು. ಹುಡುಗ ಒಳ್ಳೆಯವನು ಅನಿಸಿ 'ಸರಿ, ಬನ್ನಿ' ಅಂದ ಓನರುಗಳೂ ಇದ್ದಾರೆ. ಡೇಟಾಬೇಸಿನಲ್ಲಿ ಆ 'ಸರಿ, ಬನ್ನಿ'ಗೆ ಕಾಲಂ ಇಲ್ಲ. ಜೊತೆಗೆ, ಎರಡೂ ಕಡೆಯವರ ಸಮಯ ಉಳಿಸೋದೇ ಉದ್ದೇಶ ಆಗಿದ್ರೆ ಅಡ್ವಾನ್ಸಿನ ವಿಷಯವೂ ಪಟ್ಟಿಯಲ್ಲಿರಬೇಕಿತ್ತು. ಒಬ್ಬರ ಸಮಯ ಮಾತ್ರ ಉಳಿಸೋ ಜರಡಿಗೆ ರಂಗನಾಥನ್ ಸೂತ್ರದ ಆಸರೆ ಸಿಗಲ್ಲ.

ಇದನ್ನು ಓದ್ತಿರೋರಲ್ಲಿ ಇಂಥ ಪಟ್ಟಿ ಕಟ್ಟೋ ಕೆಲಸದಲ್ಲಿರೋರೂ ಇರ್ತೀರಿ. ಮುಂದಿನ ಸ್ಪ್ರಿಂಟ್ ಪ್ಲಾನಿಂಗಿನಲ್ಲಿ ಹೊಸ ಫಿಲ್ಟರ್ ಸೇರಿಸೋ ಮುಂಚೆ, ಈಚೆಗೆ ಬೆಂಗಳೂರಲ್ಲಿ ಮನೆ ಬದಲಾಯಿಸಿದ ನಾಲ್ಕು ಜನರನ್ನು ಕೂರಿಸಿಕೊಂಡು ಕೇಳಿ: ಓನರ್‌ಗೆ ಫೋನ್ ಮಾಡಿದಾಗ ನೀವು ಮೊದಲು ಕೇಳಿದ್ದೇನು? ಅವರು ಹೇಳಿದ್ದನ್ನು ಬರ್ಕೊಂಡು, ಆ ಪಟ್ಟಿಯಿಂದ ಶುರು ಮಾಡಿ.